ಮೂರು ತಿಂಗಳು ತುಂಬದ ಮರಿ ಯಾರ ಲೆಕ್ಕಕ್ಕೆ?

ಪಾವಗಡ, ಮಧುಗಿರಿ, ಶಿರಾ ಕಡೆಯ ಬಸ್ಸುಗಳಲ್ಲಿ ದಿನಾ ಓಡಾಡುವವರಿಗೆ ಈ ನೋಟ ಹೊಸದೇನಲ್ಲ. ಹಳ್ಳಿ ಸ್ಟಾಪಿನಲ್ಲಿ ಒಬ್ಬಾಕೆ ಹತ್ತುತ್ತಾಳೆ. ಕಂಕುಳಲ್ಲಿ ಪ್ಲಾಸ್ಟಿಕ್ ಬ್ಯಾಗು, ಬ್ಯಾಗಿನಿಂದ ಇಣುಕುವ ಎರಡು ಕಿವಿ. "ಇದಕ್ಕೆ ಲಗೇಜು ಆಗುತ್ತಮ್ಮ" ಅನ್ನುತ್ತಾನೆ ಕಂಡಕ್ಟರು. "ಹುಟ್ಟಿ ನಾಕು ದಿನ ಆಗೈತೆ ಕಣಣ್ಣ, ಎಲ್ಡು ಕೇಜೀನೂ ಇಲ್ಲ, ಇದಕ್ಕೆಂಥಾ ಲಗೇಜು" ಅಂತ ಆಕೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ಹೆಣ್ಣು ಮರಿಗೂ ಪುಕ್ಕಟೆಯೇ ಎಂದು ಹಿಂದಿನ ಸೀಟಿನವರು ನಗುತ್ತಾರೆ. ರೈಟ್ ಅಂದ ಮೇಲೆ ಬಸ್ಸು ಹೊರಡುತ್ತದೆ.

ಆಕೆ ಹೊರಟಿರುವುದು ಸಂತೆಗಲ್ಲ, ದನದ ಆಸ್ಪತ್ರೆಗೆ. ಮರಿಯ ಹೊಕ್ಕುಳು ಊದಿದೆ, ಮೊಲೆ ಹಿಡಿಯುತ್ತಿಲ್ಲ. ಡಾಕ್ಟರು ಸಿಕ್ಕಿದರೆ ಒಂದು ಇಂಜೆಕ್ಷನ್ನು, ಸಿಗದಿದ್ದರೆ ವಾಪಸು ಅದೇ ಬಸ್ಸು. ಎಷ್ಟೋ ಸಲ ವಾಪಸು ಬರುವಾಗ ಬ್ಯಾಗು ಅಲುಗಾಡುವುದಿಲ್ಲ.

ಇಂಥ ಮರಿ ಸತ್ತರೆ ಸರಕಾರ ಏನು ಕೊಡುತ್ತದೆ? ಏನೂ ಇಲ್ಲ.

ಹಾಗಂತ ಯೋಜನೆ ಇಲ್ಲವೆಂದಲ್ಲ. ಆಕಸ್ಮಿಕವಾಗಿ ಸತ್ತ ಕುರಿ ಮೇಕೆಗೆ ಪರಿಹಾರ ಕೊಡುವ 'ಅನುಗ್ರಹ' ಸಿದ್ದರಾಮಯ್ಯನವರ ಮೊದಲ ಸರಕಾರದ ಕಾಲದ್ದು. ನಡುವೆ ನಿಂತಿತ್ತು, 2023ರ ಬಜೆಟ್ಟಿನಲ್ಲಿ ಮತ್ತೆ ಜೀವ ಬಂತು. 2025ರ ಮಾರ್ಚ್ ಬಜೆಟ್ಟಿನಲ್ಲಿ ಮೊತ್ತ ಏರಿತು. ದೊಡ್ಡ ಕುರಿ ಮೇಕೆಗೆ 5,000 ಇದ್ದದ್ದು 7,500 ರೂಪಾಯಿ, ಮೂರರಿಂದ ಆರು ತಿಂಗಳ ಮರಿಗೆ 3,500 ಇದ್ದದ್ದು 5,000. ಏರಿಸಿದ್ದು ಒಳ್ಳೆಯದೇ ಆಯಿತು, ಅದರಲ್ಲಿ ತಕರಾರಿಲ್ಲ. ಆದರೆ ಪಟ್ಟಿ ಶುರುವಾಗುವುದೇ ಮೂರು ತಿಂಗಳಿಂದ. ಮೇಕೆ ಸಾಕಿದ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ, ಮರಿಗಳು ಹೆಚ್ಚಾಗಿ ಸಾಯುವುದು ಆ ಮೂರು ತಿಂಗಳ ಒಳಗೇ. ಅದರಲ್ಲೂ ಮೊದಲ ವಾರದಲ್ಲಿ. ಪಶುವೈದ್ಯ ಶಾಸ್ತ್ರದ ಪುಸ್ತಕಗಳೂ ಅದನ್ನೇ ಹೇಳುತ್ತವೆ. ಗಂಡಾಂತರ ಕಳೆದ ಮೇಲೆ ಛತ್ರಿ ಬಿಚ್ಚಿದ ಹಾಗಾಯಿತು.

ಹಾಗಾದರೆ ಹುಟ್ಟಿದ ದಿನದಿಂದಲೇ ಪರಿಹಾರ ಕೊಡಿ ಎನ್ನೋಣವೇ? ಕೇಳಲು ಚೆನ್ನ, ನಡೆಯುವ ಮಾತಲ್ಲ. ನಾಲ್ಕು ದಿನದ ಮರಿ ಸತ್ತಿತು ಎಂದು ಅರ್ಜಿ, ಮಹಜರು, ಮರಣೋತ್ತರ ಪರೀಕ್ಷೆ ಅಂತ ಓಡಾಡುವವರು ಯಾರು? ಡಾಕ್ಟರು ಬರುವ ಹೊತ್ತಿಗೆ ನಾಯಿ ಎಳೆದೊಯ್ದಿರುತ್ತದೆ. ಸುಳ್ಳು ಲೆಕ್ಕ ಬರೆಯುವವರಿಗೂ ಹಬ್ಬ. ಸತ್ತ ಮರಿಗೆ ದುಡ್ಡು ಕೊಡುವುದಕ್ಕಿಂತ ಮರಿ ಸಾಯದ ಹಾಗೆ ಮಾಡುವುದು ಸೋವಿ. ಆದರೆ ಆ ಸೋವಿ ಕೆಲಸಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ಇಲ್ಲವಲ್ಲ, ಅದೇ ತೊಂದರೆ.

ವ್ಯಾಪಾರಸ್ಥರಿಗೆ ಅರ್ಥವಾಗುವ ಹಾಗೆ ಒಂದು ಲೆಕ್ಕ. ಒಬ್ಬಾಕೆಯ ಬಳಿ ನಾಲ್ಕು ಹೆಣ್ಣು ಮೇಕೆ ಇವೆ ಅಂತ ಇಟ್ಟುಕೊಳ್ಳಿ. ಮೇಕೆಗೆ ಗಬ್ಬ ಐದು ತಿಂಗಳು. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷಕ್ಕೆ ಮೂರು ಸಲ ಈಯುತ್ತದೆ, ಅವಳಿ ಹಾಕುವುದೂ ಮಾಮೂಲು. ಈತಕ್ಕೆ ಒಂದೂವರೆ ಮರಿಯಂತೆ ಹಿಡಿದರೆ ಎರಡು ವರ್ಷಕ್ಕೆ 18 ಮರಿ. ಅದರಲ್ಲಿ ಮೂರರಲ್ಲೊಂದು ಹೋಯಿತು ಅನ್ನಿ, ಆರು ಮರಿ ಖೋತಾ. ಬೆಳೆದ ಮೇಲೆ ಒಂದಕ್ಕೆ 6,000 ರೂಪಾಯಿ ಎಂದು ಕಡಿಮೆಗೇ ಹಿಡಿದರೂ 36,000 ಹೋಯಿತು. ನಾಲ್ಕು ಮೇಕೆಯ ಸಂಸಾರದಲ್ಲಿ ಇದು ಮಗಳ ಕಾಲೇಜು ಫೀಸು, ಇಲ್ಲವೇ ಬಡ್ಡಿ ಸಾಲದ ಅಸಲು. ಅಂಗಡಿಗೆ ತಂದ ಮಾಲಿನಲ್ಲಿ ಮೂರರಲ್ಲೊಂದು ಮೂಟೆ ಗೋಡೌನಿನಲ್ಲೇ ಕೊಳೆತರೆ ಯಾವ ಸಾಹುಕಾರ ಸುಮ್ಮನಿರುತ್ತಾನೆ?

ಭಾನುವಾರ ಮಟನ್ ಅಂಗಡಿ ಮುಂದೆ ನಿಂತು ರೇಟು ಕೇಳಿ ಹುಬ್ಬೇರಿಸುವ ಪೇಟೆ ಜನಕ್ಕೂ ಈ ಲೆಕ್ಕ ಸಂಬಂಧಪಟ್ಟದ್ದೇ. ಹಳ್ಳಿಯ ರೊಪ್ಪದಲ್ಲಿ ಸತ್ತ ಮರಿ ಸಂತೆಗೆ ಬರುವುದಿಲ್ಲ, ತಕ್ಕಡಿಗೂ ಬರುವುದಿಲ್ಲ.

ಗಣತಿಯಲ್ಲಿ ಮಾತ್ರ ಎಲ್ಲ ಸೊಗಸು. 2012ರಲ್ಲಿ ರಾಜ್ಯದಲ್ಲಿ ಮೇಕೆಗಳು 48 ಲಕ್ಷದ ಹತ್ತಿರ ಇದ್ದವು, 2019ರ ಗಣತಿಗೆ 61 ಲಕ್ಷ ದಾಟಿದವು. ಅಧಿಕಾರಿ ಮಹಾಶಯರು ಭಾಷಣದಲ್ಲಿ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಗಣತಿದಾರ ಎಣಿಸುವುದು ಎದುರಿಗೆ ನಿಂತದ್ದನ್ನು. ಹುಟ್ಟಿ ಹೋದದ್ದನ್ನು ಎಣಿಸುವ ಕಾಲಂ ಇಲ್ಲ.

ಇನ್ನು ಮರಿ ಸಾಯುವುದು ಯಾಕೆ? ಮಾಟ ಮಂತ್ರ ಏನೂ ಅಲ್ಲ. ಹುಟ್ಟುವಾಗ ಎರಡು ಕಿಲೋ ಆಸುಪಾಸಿನ ಜೀವ, ಮೈಯೆಲ್ಲ ಒದ್ದೆ, ನಡುರಾತ್ರಿ, ಕಾರ್ತಿಕದ ಚಳಿ. ಮೇಕೆಗೆ ಹೊಟ್ಟೆಯಲ್ಲಿರುವ ಮರಿಗೆ ರೋಗ ತಡೆಯುವ ಶಕ್ತಿಯನ್ನು ರಕ್ತದ ಮೂಲಕ ದಾಟಿಸಲು ಆಗುವುದಿಲ್ಲ. ಆ ಶಕ್ತಿ ಬರುವುದೆಲ್ಲ ಗಿಣ್ಣು ಹಾಲಿನಿಂದ. ಅದೂ ಹುಟ್ಟಿದ ಒಂದು ಗಂಟೆಯೊಳಗೆ ಕುಡಿದರೆ ಉತ್ತಮ, ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ಮರಿಯ ತೂಕದ ಹತ್ತನೇ ಒಂದು ಪಾಲು, ಅಂದರೆ ಸುಮಾರು ಒಂದು ಲೋಟ ಗಿಣ್ಣು, ಮೊದಲ ದಿನದಲ್ಲಿ ಹೊಟ್ಟೆಗೆ ಹೋಗಬೇಕು. ಒಂದೇ ಸಲಕ್ಕಲ್ಲ, ಮತ್ತೆ ಮತ್ತೆ.

ಆಗುವುದೇನು? ಮಾಸು ಬೀಳುವ ತನಕ ಮರಿಗೆ ಮೊಲೆ ಕೊಡಬಾರದು ಎಂಬ ಹಳೇ ನಂಬಿಕೆ ಇನ್ನೂ ಕೆಲವು ಹಟ್ಟಿಗಳಲ್ಲಿದೆ. ಮಾಸು ಬೀಳಲು ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಮರಿ ತಣ್ಣಗಾಗಿರುತ್ತದೆ. ನಿಜ ಕೇಳಿದರೆ ಮರಿ ಮೊಲೆ ಚೀಪಿದಷ್ಟೂ ಗರ್ಭಚೀಲ ಬಿಗಿದು ಮಾಸು ಬೇಗ ಬೀಳುತ್ತದೆ. ಗಿಣ್ಣು ಹೆಚ್ಚಾದರೆ ಭೇದಿ ಆಗುತ್ತದೆಂದು ಕರೆದು ಚೆಲ್ಲುವವರೂ ಇದ್ದಾರೆ. ಹಸುವಿನ ಗಿಣ್ಣಿಗೆ ಬೆಲ್ಲ ಏಲಕ್ಕಿ ಹಾಕಿ ಚಪ್ಪರಿಸಿ ತಿನ್ನುವ ಜನ ಮೇಕೆ ಮರಿಯ ಪಾಲನ್ನು ತಿಪ್ಪೆಗೆ ಚೆಲ್ಲುವುದು ವಿಚಿತ್ರವೇ. ಅವಳಿಯಾದರೆ ಇನ್ನೊಂದು ಪೇಚು. ಬಲಿತ ಮರಿ ನುಗ್ಗಿ ಕುಡಿಯುತ್ತದೆ, ಸಣಕಲು ಮರಿ ಮೂಲೆಗೆ ಸೇರುತ್ತದೆ. ಯಾರಾದರೂ ಎತ್ತಿ ಕೆಚ್ಚಲಿಗೆ ಹಿಡಿಯದಿದ್ದರೆ ಬೆಳಗಾಗುವುದರೊಳಗೆ ಅದರ ಕತೆ ಮುಗಿಯಿತು.

ಬಸ್ಸಿನಲ್ಲಿ ಕಂಡ ಆ ಹೊಕ್ಕುಳ ಬಾವಿನ ಕತೆಯೂ ಇಂಥದ್ದೇ. ಹೊಕ್ಕುಳ ಬಳ್ಳಿ ಹರಿದ ಜಾಗ ತೆರೆದ ಬಾಗಿಲಿದ್ದ ಹಾಗೆ. ಹಿಕ್ಕೆ, ಉಚ್ಚೆಯಲ್ಲಿ ನೆಂದ ನೆಲದಿಂದ ನಂಜು ಒಳಗೆ ನುಗ್ಗುತ್ತದೆ, ಕೀಲಿಗೆ ಇಳಿಯುತ್ತದೆ, ಮರಿ ಕುಂಟುತ್ತದೆ, ಮಲಗುತ್ತದೆ. ಹುಟ್ಟಿದ ಕೂಡಲೇ ಟಿಂಕ್ಚರ್ ಅಯೋಡಿನ್ನಿನಲ್ಲಿ ಅದ್ದಿದ್ದರೆ ಬಸ್ಸು ಹತ್ತುವ ಪ್ರಮೇಯವೇ ಬರುತ್ತಿರಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಣ್ಣ ಶೀಶೆ ಅದು. ಒಂದು ಶೀಶೆ ಊರಿಗೇ ಸಾಕು.

ಹೆಂಗಸರಿಗೆ ತಿಳುವಳಿಕೆ ಇಲ್ಲ ಎಂದು ಆಫೀಸಿನವರು ಕೈ ತೊಳೆದುಕೊಳ್ಳುವುದು ಸುಲಭ. ಅದು ಪೂರ್ತಿ ನಿಜವಲ್ಲ. ತಾಯಿ ಮೇಯಲು ಹೋದಾಗ ಕಾಗೆ, ನಾಯಿ ಮುಟ್ಟದಂತೆ ಮರಿಗಳನ್ನು ಮಂಕರಿ ಕೆಳಗೆ ಮುಚ್ಚಿಡುವುದು, ಗೋಣಿ ತಾಟಿನಲ್ಲಿ ಮೈ ಒರೆಸುವುದು, ಒಲೆ ಪಕ್ಕ ಬೆಚ್ಚಗೆ ಮಲಗಿಸುವುದು, ತಾಯಿ ಸತ್ತ ಮರಿಯನ್ನು ಇನ್ನೊಂದು ಮೇಕೆಗೆ ಹೊಂದಿಸಿ ಕುಡಿಸುವುದು, ಇದನ್ನೆಲ್ಲ ಅವರಿಗೆ ಯಾವ ಇಲಾಖೆಯೂ ಕಲಿಸಲಿಲ್ಲ. ಇಲಾಖೆ ಕೊಡಬೇಕಾದದ್ದು ಉಳಿದರ್ಧ, ಅಂದರೆ ಲಸಿಕೆ ಮತ್ತು ಹೊತ್ತಿಗೆ ಸಿಗುವ ಕೈ.

ಲಸಿಕೆಯ ಮಾತು ಹೀಗಿದೆ. ಕರುಳುಬೇನೆಯ ಲಸಿಕೆಯನ್ನು ಗಬ್ಬದ ಮೇಕೆಗೆ ಈಯುವ ಒಂದು ತಿಂಗಳ ಮುಂಚೆ ಹಾಕಿಸಿದರೆ, ಆ ರಕ್ಷಣೆ ಗಿಣ್ಣಿನ ಮೂಲಕ ಮರಿಗೂ ಇಳಿಯುತ್ತದೆ. ಒಂದೇ ಸೂಜಿಯಲ್ಲಿ ಎರಡು ಜೀವ, ಅವಳಿಯಾದರೆ ಮೂರು. ಹಿರೇಬೇನೆ ಅನ್ನುತ್ತಾರಲ್ಲ, ಡಾಕ್ಟರ ಬಾಯಲ್ಲಿ ಪಿ.ಪಿ.ಆರ್., ಅದಕ್ಕೆ ಮೂರು ತಿಂಗಳು ದಾಟಿದ ಮೇಲೆ ಬೇರೆ ಲಸಿಕೆ. ಇವು ಪರದೇಶದಿಂದ ಬರಬೇಕಾದ ಔಷಧವಲ್ಲ, ನಮ್ಮ ರಾಜ್ಯದ ಹೆಬ್ಬಾಳದ ಸಂಸ್ಥೆಯಲ್ಲೇ ತಯಾರಾಗುತ್ತವೆ. ಆದರೆ ಲಸಿಕೆ ಶಿಬಿರದ ತಾರೀಖು ಗೊತ್ತಾಗುವುದು ಕ್ಯಾಲೆಂಡರ್ ನೋಡಿ, ಮೇಕೆ ಹೊಟ್ಟೆ ನೋಡಿ ಅಲ್ಲ.

1962ಕ್ಕೆ ಫೋನು ಮಾಡಿದರೆ ಪಶು ಸಂಜೀವಿನಿ ವಾಹನ ಮನೆ ಬಾಗಿಲಿಗೆ ಬರುತ್ತದೆಂಬ ವ್ಯವಸ್ಥೆ ಇದೆ. ಒಳ್ಳೆಯ ವ್ಯವಸ್ಥೆ. ಲಕ್ಷ ಜಾನುವಾರಿಗೆ ಒಂದು ಗಾಡಿ ಎಂಬುದು ಕೇಂದ್ರದ ಲೆಕ್ಕಾಚಾರ. ನಡುರಾತ್ರಿ ತಲೆ ತಿರುಗಿ ಸಿಕ್ಕಿಕೊಂಡ ಮರಿ ಆ ಲಕ್ಷದ ಸರದಿ ಕಾಯುತ್ತದೆಯೇ?

ಇತ್ತ ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 500 ಹೆಣ್ಣು, 25 ಹೋತದ ಫಾರಮ್ಮು ಕಟ್ಟುವವರಿಗೆ ಖರ್ಚಿನ ಅರ್ಧ, 50 ಲಕ್ಷದವರೆಗೆ ಸಬ್ಸಿಡಿ. ಅತಿ ಸಣ್ಣದೆಂದರೂ 100 ಹೆಣ್ಣು, 5 ಹೋತ, 10 ಲಕ್ಷ. ನಾಲ್ಕು ಮೇಕೆಯವಳು ಆ ಬಾಗಿಲಲ್ಲಿ ನಿಲ್ಲುವ ಹಾಗೂ ಇಲ್ಲ. ತಮಾಷೆ ಎಂದರೆ ದೊಡ್ಡ ಶೆಡ್ಡು ಕಟ್ಟಿದವರು ಕೈ ಸುಟ್ಟುಕೊಳ್ಳುವುದೂ ಇದೇ ಜಾಗದಲ್ಲಿ. ಕಬ್ಬಿಣಕ್ಕೆ, ಶೀಟಿಗೆ ದುಡ್ಡು ಸುರಿದಿರುತ್ತಾರೆ. ರಾತ್ರಿ ಎದ್ದು ಸಣಕಲು ಮರಿಯನ್ನು ಕೆಚ್ಚಲಿಗೆ ಹಿಡಿಯುವ ಆಳಿರುವುದಿಲ್ಲ.

ಆಗಬೇಕಾದ ಕೆಲಸಕ್ಕೆ ಹೊಸ ನಿಗಮ ಬೇಡ. ಇರುವ ನಿಗಮಕ್ಕೇ ಕುರಿ ಮತ್ತು ಉಣ್ಣೆ ಎಂದು ಹೆಸರು, ಮೇಕೆಗೆ ಬೋರ್ಡಿನಲ್ಲೂ ಜಾಗವಿಲ್ಲ. ಸ್ವಸಹಾಯ ಸಂಘಗಳಿಂದ ಆರಿಸಿ ತರಬೇತಿ ಕೊಟ್ಟ ಪಶು ಸಖಿಯರು ಪಂಚಾಯಿತಿಗಳಲ್ಲಿ ಇದ್ದಾರೆ. ಅವರ ಕೈಗೆ ಒಂದು ಶೀಶೆ ಅಯೋಡಿನ್ನು, ಒಂದು ಹಾಲಿನ ಬಾಟಲಿ, ಊರಿನ ಗಬ್ಬದ ಮೇಕೆಗಳನ್ನು ಬರೆದಿಡುವ ನೋಟ್‌ಬುಕ್ಕು ಕೊಟ್ಟರೆ ಅರ್ಧ ಕೆಲಸ ಆಯಿತು. ಯಾವ ಮನೆಯ ಮೇಕೆ ಯಾವ ತಿಂಗಳು ಈಯುತ್ತದೆ ಎಂಬುದು ಆಸ್ಪತ್ರೆಗೆ ಮೊದಲೇ ಗೊತ್ತಿದ್ದರೆ, ಸೂಜಿ ಹಾಕುವ ದಿನವೂ ತಾನಾಗಿ ಗೊತ್ತಾಗುತ್ತದೆ.

ತಾಲ್ಲೂಕು ಕೆಡಿಪಿ ಸಭೆಗೆ ಪಶುಪಾಲನಾ ಇಲಾಖೆಯವರು ತರುವ ಹಾಳೆಯಲ್ಲಿ ಗುರಿ ಎಷ್ಟು, ಸಾಧನೆ ಎಷ್ಟು, ಹಂಚಿದ ಘಟಕ ಎಷ್ಟು ಎಂದಿರುತ್ತದೆ. ಹಂಚಿದ ಮೇಕೆಗಳು ಎಷ್ಟು ಮರಿ ಹಾಕಿದವು, ಮೂರು ತಿಂಗಳು ದಾಟಿದ್ದು ಎಷ್ಟು ಎಂದು ಒಬ್ಬ ಮೆಂಬರಾದರೂ ಮುಂದಿನ ಸಭೆಯಲ್ಲಿ ಎದ್ದು ಕೇಳಲಿ. ಕಾರ್ತಿಕದ ಚಳಿ ಶುರುವಾಗುವ ಮುಂಚೆ ಕೇಳಿದರೆ ಇನ್ನೂ ಒಳ್ಳೆಯದು.