ಹಾಲುಹಲ್ಲಿಗೆ ಹಾಕುವ ಔಷಧದ ಹೆಸರೇನು?

ಹಾಲುಹಲ್ಲು ಹೇಗೂ ಬಿದ್ದುಹೋಗುವಂಥದ್ದು ಎಂಬ ಉದಾಸೀನ ವಿದ್ಯಾವಂತ ಕುಟುಂಬಗಳಲ್ಲೂ ಇದೆ. ಹುಳುಕು ತಿರುಳನ್ನು ಮುಟ್ಟಿದಾಗ ದಂತವೈದ್ಯರು ಮೇಲ್ಭಾಗದ ತಿರುಳನ್ನು ತೆಗೆದು, ಬೇರಿನಲ್ಲಿ ಉಳಿದ ತಿರುಳಿನ ಮೇಲೆ ಔಷಧವಿಟ್ಟು ಹಲ್ಲನ್ನು ಉಳಿಸುತ್ತಾರೆ. ಆ ಔಷಧ ಯಾವುದೆಂದು ಕೇಳುವ ಪೋಷಕರು ವಿರಳ.

ದಶಕಗಳ ಕಾಲ ಇದಕ್ಕೆ ಬಳಕೆಯಾಗಿದ್ದು, ಇಂದಿಗೂ ಪೂರ್ತಿ ಮರೆಯಾಗದಿರುವುದು ಫಾರ್ಮೋಕ್ರೆಸಾಲ್. 1904ರಲ್ಲಿ ಅಮೆರಿಕದ ಬಕ್ಲಿ ಪರಿಚಯಿಸಿದ ಈ ಮಿಶ್ರಣದಲ್ಲಿ ಶೇ 19ರಷ್ಟು ಫಾರ್ಮಾಲ್ಡಿಹೈಡ್, ಶೇ 35ರಷ್ಟು ಕ್ರೆಸಾಲ್ ಇವೆ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆಯನ್ನು ಕೆಡದಂತೆ ಇಡುವ ಫಾರ್ಮಾಲಿನ್‌ನಲ್ಲಿರುವುದೂ ಇದೇ ಫಾರ್ಮಾಲ್ಡಿಹೈಡ್. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು.

ಹಾಗೆಂದು ಗಾಬರಿಪಡಬೇಕಾಗಿಲ್ಲ. ಆ ತೀರ್ಮಾನಕ್ಕೆ ಮುಖ್ಯ ಆಧಾರವಾದದ್ದು ವರ್ಷಗಟ್ಟಲೆ ಅದರ ಆವಿಯನ್ನು ಉಸಿರಾಡಿದ ಕಾರ್ಮಿಕರ ಅಧ್ಯಯನ. ಹಲ್ಲಿಗೆ ತಾಗುವುದು ಹತ್ತಿಯ ಉಂಡೆಯಲ್ಲಿನ ಅತ್ಯಲ್ಪ ಪ್ರಮಾಣ, ಅದೂ ಕೆಲವೇ ನಿಮಿಷ. ನಮ್ಮ ದೇಹವೇ ಸಹಜವಾಗಿ ಒಂದಿಷ್ಟು ಫಾರ್ಮಾಲ್ಡಿಹೈಡನ್ನು ಉತ್ಪಾದಿಸುತ್ತದೆ. ಈ ಚಿಕಿತ್ಸೆಯಿಂದ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆಂದು ಸಾಬೀತಾಗಿಲ್ಲ. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ 2017ರ ಮಾರ್ಗಸೂಚಿಯಲ್ಲೂ ಇದನ್ನು ಕೈಬಿಟ್ಟಿರಲಿಲ್ಲ.

ನನ್ನ ತಕರಾರು ಬೇರೆ. 1990ರ ದಶಕದಲ್ಲೇ ಎಂಟಿಎ ಎಂಬ ಖನಿಜ ಸಿಮೆಂಟ್ ಬಂದಿದೆ. ಫಾರ್ಮೋಕ್ರೆಸಾಲ್ ತಿರುಳನ್ನು ಜಡಗೊಳಿಸಿದರೆ, ಇದು ಅದನ್ನು ಜೀವಂತವಾಗಿ ಉಳಿಸಿ ಗುಣವಾಗಲು ಬಿಡುತ್ತದೆ. ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2018ರ ಕಾಕ್ರನ್ ವರದಿಯೂ ಎಂಟಿಎ ಪರವಾಗಿಯೇ ಇತ್ತು. ಆದರೂ ಹಳೆಯ ಸೀಸೆ ಕಪಾಟಿನಲ್ಲಿ ಉಳಿದಿರುವುದೇಕೆ? ಬೆಲೆ. ಒಂದು ಸೀಸೆ ಎಷ್ಟೋ ಮಕ್ಕಳಿಗೆ ಸಾಕಾಗುತ್ತದೆ. ಸಿಮೆಂಟನ್ನು ಗ್ರಾಂ ಲೆಕ್ಕದಲ್ಲಿ ಕೊಳ್ಳಬೇಕು.

ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಗುರುತಿಸಿದಂತೆ, ವೈದ್ಯಕೀಯದಲ್ಲಿ ಮಾರುವವನಿಗೆ ತಿಳಿದಷ್ಟು ಕೊಳ್ಳುವವನಿಗೆ ತಿಳಿದಿರುವುದಿಲ್ಲ. ಇಲ್ಲಂತೂ ಚಿಕಿತ್ಸೆ ಪಡೆಯುವುದು ಐದು ವರ್ಷದ ಮಗು, ಹಣ ಕೊಡುವುದು ತಂದೆ, ವಸ್ತುವನ್ನು ಆರಿಸುವುದು ವೈದ್ಯರು. ಕಡಿಮೆ ಬೆಲೆಯ ವಸ್ತುವನ್ನು ಆರಿಸಿದರೆ ತಪ್ಪೆನ್ನಲಾರೆ. ಹೇಳದೆ ಆರಿಸುವುದನ್ನು ಒಪ್ಪಲಾರೆ.

ಸರ್ಕಾರಿ ದಂತ ಆಸ್ಪತ್ರೆಗಳು ಒಟ್ಟಾಗಿ ಸಗಟು ಖರೀದಿಗೆ ಟೆಂಡರ್ ಕರೆದರೆ ಎಂಟಿಎ ಬೆಲೆ ಇಳಿಯಲು ಅವಕಾಶವಿದೆ. ಅದಕ್ಕೆ ಸಮಯ ಹಿಡಿಯಬಹುದು. ಅಲ್ಲಿಯವರೆಗೆ, ಪೋಷಕರು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಬಳಸುವ ರಾಸಾಯನಿಕದ ಹೆಸರು, ಪರ್ಯಾಯ ಮತ್ತು ಎರಡರ ದರವನ್ನು ಕನ್ನಡದಲ್ಲಿ ಬರೆಯುವಂತೆ ಮಾಡಬಹುದು. ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಇಲಾಖೆಯ ಒಂದು ಸುತ್ತೋಲೆ ಸಾಕು.