ಚಿಕ್ಕ ಕಾರಿನವನ ತಕರಾರು

ನಾನು ವಾಸವಾಗಿರುವ ವಸತಿ ಸಮುಚ್ಚಯದಲ್ಲಿ ಹನ್ನೆರಡು ಮನೆಗಳು. ನೆಲಮಾಳಿಗೆಯಲ್ಲಿ ಹನ್ನೆರಡು ಕಾರು ನಿಲ್ಲಿಸಲು ಹನ್ನೆರಡು ಅಂಕಣಗಳು. ಒಂದೊಂದರ ಅಗಲ ಎರಡೂವರೆ ಮೀಟರು. ಕಟ್ಟಡ ಎದ್ದ ಕಾಲಕ್ಕೆ ಅದು ಧಾರಾಳವೆಂದೇ ಎಲ್ಲರೂ ತಿಳಿದಿದ್ದರು. ಈಗ ಆ ಗೆರೆಗಳನ್ನು ಅಳಿಸಿ, ಮೂರು ಮೂರು ಮೀಟರಿನಂತೆ ಹೊಸದಾಗಿ ಎಳೆಯಬೇಕೆಂದು ಸಂಘದ ಸಭೆಯಲ್ಲಿ ಠರಾವು ಬಂದಿದೆ. ಗೋಡೆಯಿಂದ ಗೋಡೆಗೆ ಇರುವುದು ಮೂವತ್ತೇ ಮೀಟರು. ಲೆಕ್ಕ ಬಲ್ಲ ಯಾವ ಹುಡುಗನಾದರೂ ಹೇಳಿಯಾನು: ಹನ್ನೆರಡು ಅಂಕಣ ಹತ್ತಾಗುತ್ತದೆ. ಉಳಿದ ಇಬ್ಬರು ಯಾರು? ಒಬ್ಬರು ಮೂರನೆಯ ಮಹಡಿಯ ನಿವೃತ್ತ ಉಪಾಧ್ಯಾಯಿನಿ. ಇನ್ನೊಬ್ಬ ನಾನು.

ಅಂಕಣ ಯಾರ ಕ್ರಯಪತ್ರದಲ್ಲೂ ಇಲ್ಲ, ರೂಢಿಯ ಮೇಲೆ ನಡೆದು ಬಂದದ್ದು. ಆದ್ದರಿಂದ ಕಾನೂನಿನ ಮಾತೆತ್ತಿ ಪ್ರಯೋಜನವಿಲ್ಲ. ಕಾರಣವನ್ನಾದರೂ ಕೇಳೋಣವೆಂದು ಕೇಳಿದೆ. ಸಂಘದ ಕಾರ್ಯದರ್ಶಿಗಳು ಬಹಳ ಸೌಜನ್ಯದವರು. ನಗುನಗುತ್ತಲೇ ಹೇಳಿದರು: “ರಾಯರೆ, ನಿಮ್ಮದು ಪುಟ್ಟ ಗಾಡಿ. ರಸ್ತೆ ಪಕ್ಕ ಎಲ್ಲಿ ಬೇಕಾದರೂ ಹಿಡಿಸುತ್ತೆ. ನಮ್ಮಂಥವರ ಗಾಡಿ ಹೊರಗೆ ನಿಲ್ಲಿಸೋಕಾಗುತ್ತಾ, ನೀವೇ ಹೇಳಿ.” ಕೂತವರೆಲ್ಲ ತಲೆದೂಗಿದರು. ಉಪಾಧ್ಯಾಯಿನಿಯವರು ಕನ್ನಡಕ ಒರೆಸಿಕೊಂಡು ಸುಮ್ಮನಾದರು.

ಈ ತರ್ಕವನ್ನು ವಾಚಕರು ಸ್ವಲ್ಪ ನಿಧಾನಿಸಿ ನೋಡಬೇಕು. ಎಲೆಯಲ್ಲಿ ಕಡಮೆ ಬಡಿಸಿಕೊಂಡವನ ಎಲೆಯನ್ನೇ ಎತ್ತಿ, ಹೆಚ್ಚು ಬಡಿಸಿಕೊಂಡವನ ಪಕ್ಕಕ್ಕಿಡುವ ನ್ಯಾಯ ಇದು. ನಮ್ಮ ನೆಲಮಾಳಿಗೆಯಲ್ಲಿ ನಡೆಯುತ್ತಿರುವುದೇ ಬೆಂಗಳೂರಿನ ಬೀದಿಗಳಲ್ಲಿಯೂ ನಡೆಯುತ್ತಿದೆ, ದೆಹಲಿಯ ತೆರಿಗೆ ಪುಸ್ತಕದಲ್ಲಿಯೂ ನಡೆದಿದೆ ಎಂಬುದು ನನ್ನ ವಾದ. ಮನೆಯ ಜಗಳವನ್ನು ಪತ್ರಿಕೆಯವರೆಗೆ ತಂದೆನೆಂದು ಯಾರೂ ಬೇಸರಿಸಬಾರದು.

ನನ್ನದು 2014ರಲ್ಲಿ ಕೊಂಡ ಆಲ್ಟೋ, 796 ಸಿ.ಸಿ. ಎಂಜಿನು. ಬನಶಂಕರಿಯಿಂದ ಜಿಗಣಿಯ ಕಾರ್ಖಾನೆಗೆ ಹೋಗಿ ಬರಲು ದಿನಕ್ಕೆ ನಲವತ್ತನಾಲ್ಕು ಕಿಲೋಮೀಟರು. ಊರೊಳಗಿನ ನೂಕುನುಗ್ಗಲಿನಲ್ಲಿಯೂ ಲೀಟರಿಗೆ ಹದಿನಾರು ಕೊಡುತ್ತದೆ. ಎಂದರೆ ದಿನಕ್ಕೆ ಮೂರು ಲೀಟರೂ ಮುಟ್ಟುವುದಿಲ್ಲ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದಾಗ ನಮ್ಮ ಕಟ್ಟಡದಲ್ಲಿ ಅತ್ತವರಲ್ಲಿ ನಾನು ಇರಲಿಲ್ಲ. ಹಾಗೆಂದು ಅದರ ಗುಣಗಾನಕ್ಕೆ ಕೂತಿಲ್ಲ. ಐದು ಜನ ಕೂತು, ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ ಹಾಕಿಕೊಂಡು ಮೇಲ್ಸೇತುವೆ ಹತ್ತುವಾಗ ಎ.ಸಿ. ಆರಿಸಲೇಬೇಕು, ಆರಿಸದಿದ್ದರೆ ಹಿಂದಿನ ಬಸ್ಸಿನವನು ಹಾರನ್ನಿನಲ್ಲಿ ನಮ್ಮ ವಂಶಾವಳಿ ಓದುತ್ತಾನೆ. ಬಾಗಿಲು ಹಾಕಿದರೆ ಸಕ್ಕರೆ ಡಬ್ಬದ ಮುಚ್ಚಳ ಹಾಕಿದ ಸದ್ದು. ಮಳೆಗಾಲದಲ್ಲಿ ಗುಂಡಿಗೆ ಚಕ್ರ ಇಳಿದಾಗ ಬೆನ್ನುಹುರಿಗೆ ಅದರ ಆಳ ಎಷ್ಟೆಂದು ಗೊತ್ತಾಗುತ್ತದೆ. ಆದರೆ ಗ್ಯಾರೇಜಿನ ಮೇಸ್ತ್ರಿ ಇಂದಿಗೂ ಕಂಪ್ಯೂಟರಿನ ನೆರವಿಲ್ಲದೆ, ಬಾನೆಟ್ಟು ಎತ್ತಿ ಕಿವಿಯಿಟ್ಟು ಕೇಳಿ ಅರ್ಧ ಕಾಯಿಲೆ ಹೇಳಿಬಿಡುತ್ತಾನೆ. ಹನುಮಂತನಗರದ ಯಾವ ಕ್ರಾಸಿನಲ್ಲಾದರೂ ದಾರಿ ತಪ್ಪಿ ನುಗ್ಗಿದರೆ ಅಲ್ಲಿಯೇ ತಿರುಗಿಸಿಕೊಂಡು ಬರಬಹುದು, 4.6 ಮೀಟರು ತ್ರಿಜ್ಯದಲ್ಲಿ ಅದು ತಿರುಗುತ್ತದೆ. ದೊಡ್ಡ ಗಾಡಿಯವರು ಅದೇ ಕ್ರಾಸಿನಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ ಎಂದು ಸಂಧ್ಯಾವಂದನೆ ಮಾಡುತ್ತಿರುವಾಗ, ಎರಡು ಕಡೆಯೂ ಇಪ್ಪತ್ತು ಸ್ಕೂಟರು ನಿಂತು ಆಚಮನ ಮುಗಿಯುವುದನ್ನು ಕಾಯುತ್ತಿರುತ್ತವೆ.

ಇಷ್ಟಾದರೂ ಅದಕ್ಕೆ ಮರ್ಯಾದೆಯಿಲ್ಲ. ಕಲ್ಯಾಣಮಂಟಪಕ್ಕೆ ಹೋಗಿ ನೋಡಿ. ಎತ್ತರದ ಗಾಡಿ ಬಂದರೆ ಕಾವಲಿನವನು ಸೀಟಿ ಊದಿ, ಸಲಾಮು ಹೊಡೆದು, ಬಾಗಿಲ ಮುಂದೆಯೇ ನಿಲ್ಲಿಸುತ್ತಾನೆ. ನಮ್ಮನ್ನು ಕಂಡರೆ ಕೈ ಬೀಸಿ, ಅಡುಗೆಯವರು ಪಾತ್ರೆ ತೊಳೆಯುವ ಹಿತ್ತಿಲ ಕಡೆ ತೋರಿಸುತ್ತಾನೆ. ಅವನದೇನೂ ತಪ್ಪಿಲ್ಲ, ಒಳಗಿರುವ ಬೀಗರೂ ಅದೇ ಅಳತೆಗೋಲು ಹಿಡಿದು ಕೂತಿದ್ದಾರೆ.

ಮಧ್ಯಮವರ್ಗದ ನಮ್ಮ ನೆನಪು ಎಷ್ಟು ಗಿಡ್ಡ! 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ಹೊರಬಂದಾಗ ಅದು ನಮ್ಮ ಪಾಲಿಗೆ ಚಿಕ್ಕ ಕಾರಾಗಿರಲಿಲ್ಲ, ಕಾರಾಗಿತ್ತು. ವರ್ಷಗಟ್ಟಲೆ ಮುಂಗಡ ಕಟ್ಟಿ ಕಾಯ್ದವರ ಮನೆಗೆ ಅದು ಬಂದ ದಿನ ನಿಂಬೆಹಣ್ಣು, ಕುಂಕುಮ, ಆರತಿ, ಬೀದಿಗೆಲ್ಲ ಸಿಹಿ. ಅಗಲ 1.44 ಮೀಟರು, ಉದ್ದ ಮೂರೂಕಾಲು ಮೀಟರಿಗೆ ಸ್ವಲ್ಪ ಜಾಸ್ತಿ. ಅದೇ ಕಾರಿನಲ್ಲಿ ಅಜ್ಜಿ, ಇಬ್ಬರು ಮಕ್ಕಳು, ಬಾಣಂತಿ ಮಗಳು ಎಲ್ಲರೂ ಧರ್ಮಸ್ಥಳಕ್ಕೆ ಹೋಗಿ ಬಂದರು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಾಗ ಪತ್ರಿಕೆಗಳು ಕಣ್ಣೀರಿನ ಲೇಖನ ಬರೆದವು. ಲೇಖನ ಓದಿ ಕಣ್ಣೊರೆಸಿಕೊಂಡವರು ಎದ್ದುಹೋಗಿ ದೊಡ್ಡ ಗಾಡಿಗೆ ಮುಂಗಡ ಕೊಟ್ಟರು.

ನ್ಯಾನೋ ಕತೆ ಇನ್ನೂ ಕೆಟ್ಟದ್ದು. ನಾಲ್ಕು ಜನದ ಸಂಸಾರ ಒಂದು ಸ್ಕೂಟರಿನ ಮೇಲೆ ಮಳೆಯಲ್ಲಿ ಹೋಗುವುದನ್ನು ನೋಡಿ ಹುಟ್ಟಿದ ಯೋಚನೆ ಅದು ಎಂದು ರತನ್ ಟಾಟಾ ಹೇಳುತ್ತಿದ್ದರು. 2008ರ ಜನವರಿಯಲ್ಲಿ ಪ್ರದರ್ಶನಕ್ಕೆ ಬಂತು, 2009ರಲ್ಲಿ ಮಾರಾಟಕ್ಕೆ ಬಂತು. ಹತ್ತು ವರ್ಷ ತುಂಬುವುದರೊಳಗೆ ಉಸಿರು ನಿಂತಿತು. ಸಿಂಗೂರಿನಿಂದ ಸಾನಂದಕ್ಕೆ ಕಾರ್ಖಾನೆ ಕಿತ್ತುಕೊಂಡು ಹೋದದ್ದು, ಕೆಲವು ಗಾಡಿಗಳಿಗೆ ಬೆಂಕಿ ಹತ್ತಿಕೊಂಡದ್ದು, ಇವೂ ಕಾರಣಗಳೇ. ಆದರೆ ‘ಅತಿ ಅಗ್ಗದ ಕಾರು’ ಎಂಬ ಹಣೆಪಟ್ಟಿಯೇ ಅದಕ್ಕೆ ಮುಳುವಾಯಿತೆಂದು ಟಾಟಾ ಅವರೇ ಆಮೇಲೆ ಒಪ್ಪಿಕೊಂಡರು. ಸ್ಕೂಟರಿನಿಂದ ಇಳಿಯಬೇಕಾದವನು, ನೆಂಟರು ಏನೆಂದಾರೋ ಎಂದು ಮಕ್ಕಳನ್ನು ಮಳೆಯಲ್ಲಿಯೇ ನೆನೆಸಿದ. ಇದಕ್ಕೆ ಯಾವ ಕಂಪೆನಿಯನ್ನು ಬೈಯೋಣ?

ಇನ್ನು ಬೆಂಗಳೂರಿನದೇ ಕೂಸು ರೇವಾ. 2001ರಲ್ಲಿಯೇ, ವಿದ್ಯುತ್ ಕಾರೆಂಬ ಮಾತು ಬೇರೆಯವರ ಬಾಯಲ್ಲಿ ಹೊರಳುವ ಮೊದಲೇ, ಈ ಊರಿನಲ್ಲಿ ತಯಾರಾಗಿ ರಸ್ತೆಗಿಳಿಯಿತು. ಜೀ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿಗೂ ಹೋಯಿತು. ಅಲ್ಲಿ ನಗರದ ನಡುವೆ ಪ್ರವೇಶಿಸುವ ಕಾರುಗಳಿಗೆ ಹಾಕುವ ಸುಂಕದಿಂದ ಅದಕ್ಕೆ ವಿನಾಯಿತಿ ಇತ್ತು. ಅಲ್ಲಿ ಸುಂಕ ಉಳಿಸಿತು, ಇಲ್ಲಿ ಸಿಗ್ನಲಿನಲ್ಲಿ ನಗೆ ಗಳಿಸಿತು.

ಈಗ ಸರಕಾರದ ಅಳತೆಗೋಲಿನ ಮಾತು. 2006ರ ಮುಂಗಡಪತ್ರದಲ್ಲಿ ಚಿಕ್ಕ ಕಾರುಗಳ ಅಬಕಾರಿ ಸುಂಕ 24ರಿಂದ 16 ಪ್ರತಿಶತಕ್ಕೆ ಇಳಿಯಿತು. ಒಳ್ಳೆಯ ಕೆಲಸ. ಆದರೆ ಚಿಕ್ಕದು ಎಂದರೆ ಯಾವುದು? ಉದ್ದ ನಾಲ್ಕು ಮೀಟರು ಮೀರಬಾರದು. ಎಂಜಿನು ಪೆಟ್ರೋಲಿನದಾದರೆ 1200 ಸಿ.ಸಿ., ಡೀಸೆಲಿನದಾದರೆ 1500 ಸಿ.ಸಿ. ಮೀರಬಾರದು. ಅಗಲ ಎಷ್ಟಾದರೂ ಇರಲಿ, ಎತ್ತರ ಎಷ್ಟಾದರೂ ಇರಲಿ, ತೂಕವನ್ನಂತೂ ಕೇಳಲೇ ಇಲ್ಲ. ದರ್ಜಿಗಳಿಗೆ ಇನ್ನೇನು ಬೇಕು? ದೊಡ್ಡ ಗಾಡಿಯ ಹಿಂಭಾಗವನ್ನು ಕತ್ತರಿಸಿ 3.995 ಮೀಟರಿಗೆ ತಂದು ನಿಲ್ಲಿಸಿದರು. ನಾಲ್ಕು ಮೀಟರಿಗೆ ಅರ್ಧ ಸೆಂಟಿಮೀಟರು ಕಡಮೆ! ಈ ಗಾಡಿಗಳ ಅಗಲ 1.8 ಮೀಟರಿನ ಆಸುಪಾಸು. ಎದುರಿಗೆ ಬಂದರೆ ಗೋಡೆ ಬಂದಂತಿರುತ್ತದೆ. ಸರಕಾರಿ ಕಾಗದದಲ್ಲಿ ಮಾತ್ರ ಅದು ನನ್ನ ಆಲ್ಟೋದ ಒಡಹುಟ್ಟು. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. 18 ಪ್ರತಿಶತಕ್ಕೆ ಇಳಿದಾಗಲೂ ಇದೇ ವ್ಯಾಖ್ಯೆ. ಚಿಕ್ಕವನ ಹೆಸರಿನಲ್ಲಿ ಬಂದ ಪ್ರಸಾದವನ್ನು ದೊಡ್ಡವನು ಮಂಡಿ ಮಡಚಿ ಕೂತು ಇಸಕೊಂಡ.

ಮಾರುತಿ 800ರ ಮೂಲ ಜಪಾನಿನದು. ಅಲ್ಲಿ ‘ಕೇ’ ಎಂಬ ಒಂದು ವರ್ಗವುಂಟು. 1949ರಷ್ಟು ಹಿಂದೆಯೇ ಏರ್ಪಟ್ಟದ್ದು. ಈಗಿನ ನಿಯಮದಂತೆ ಉದ್ದ 3.4 ಮೀಟರು, ಅಗಲ 1.48 ಮೀಟರು, ಎತ್ತರ 2 ಮೀಟರು, ಎಂಜಿನು 660 ಸಿ.ಸಿ. ಇವುಗಳಲ್ಲಿ ಯಾವುದನ್ನೂ ಮೀರುವಂತಿಲ್ಲ. ಅದರೊಳಗಿದ್ದರೆ ತೆರಿಗೆಯಲ್ಲಿ ರಿಯಾಯಿತಿ, ಹಳದಿ ಫಲಕ. ನಮಗಿಂತ ಶ್ರೀಮಂತರಾದ ಆ ಜನ ಕೊಳ್ಳುವ ಹೊಸ ಕಾರುಗಳಲ್ಲಿ ಸುಮಾರು ಮೂರರಲ್ಲೊಂದು ಇಂಥದು. ಅವರು ಅಗಲವನ್ನು ಅಳೆದರು, ಏಕೆಂದರೆ ಅವರ ಗಲ್ಲಿಗಳು ಕಿರಿದು. ನಮ್ಮ ಗಲ್ಲಿಗಳೇನು ಹೆದ್ದಾರಿಗಳೆ? 1.44ಕ್ಕೂ 1.8ಕ್ಕೂ ಇರುವ ವ್ಯತ್ಯಾಸ ಒಂದೂವರೆ ಗೇಣು. ಅಕ್ಕಪಕ್ಕ ಎರಡು ಕಾರು ನಿಂತರೆ ಮೂರು ಗೇಣು. ಅಷ್ಟರಲ್ಲಿ ಒಂದು ಸ್ಕೂಟರು ದಾಟಿಹೋಗುತ್ತದೆ. ಒಂದು ಕೋಟಿಗೂ ಮಿಕ್ಕಿ ವಾಹನಗಳಿರುವ ಊರಿನಲ್ಲಿ ಈ ಗೇಣುಗಳನ್ನು ಕೂಡಿಸುವ ಗಣಿತಜ್ಞರು ಇನ್ನೂ ಹುಟ್ಟಿಲ್ಲವೆಂದು ಕಾಣುತ್ತದೆ.

ತೂಕವನ್ನು ಲೆಕ್ಕಕ್ಕೆ ತರುವ ಸೂಚನೆಯೊಂದು 2025ರಲ್ಲಿ ಬಂದದ್ದುಂಟು. ಇಂಧನ ಮಿತವ್ಯಯದ ಹೊಸ ಕಟ್ಟಳೆಗಳ ಕರಡಿನಲ್ಲಿ 909 ಕಿಲೋ ಮೀರದ ಚಿಕ್ಕ ಪೆಟ್ರೋಲು ಕಾರುಗಳಿಗೆ ಸ್ವಲ್ಪ ಸಡಿಲಿಕೆ ಎಂದು ಬರೆದಿತ್ತು. ಒಡನೆ, ಇದು ಒಂದೇ ಕಂಪೆನಿಗೆ ಅನುಕೂಲ ಎಂದು ಬೇರೆ ತಯಾರಕರು ಕೂಗೆಬ್ಬಿಸಿದರು. ಆ ಮಾತಿನಲ್ಲಿ ಹುರುಳಿರಬಹುದು. ಹಾಗಾದರೆ ನೀವೂ ಹಗುರವಾದದ್ದನ್ನು ಮಾಡಿ ಎಂದು ಯಾರೂ ಏಕೆ ಹೇಳಲಿಲ್ಲ?

“ಸುರಕ್ಷತೆ, ರಾಯರೆ, ಸುರಕ್ಷತೆ!” ಎಂದು ಕಾರ್ಯದರ್ಶಿಗಳು ಅಂದರು. ಇದನ್ನು ಹಾರಿಸಿ ಹೋದರೆ ನಾನು ಅಪ್ರಾಮಾಣಿಕನಾದೇನು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಚಿಕ್ಕ ಕಾರುಗಳನ್ನು, ಗಾಳಿಚೀಲವಿಲ್ಲದ ಮಾದರಿಗಳನ್ನು, ಗುದ್ದಿಸಿ ನೋಡಿತು. ಐದಕ್ಕೂ ಸೊನ್ನೆ. ಅದರಲ್ಲಿ ನ್ಯಾನೋ ಇತ್ತು, ನನ್ನ ಆಲ್ಟೋವೂ ಇತ್ತು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಗಳನ್ನು ಅದೇ ಕಾರಿನಲ್ಲಿ ಶಾಲೆಗೆ ಬಿಡುತ್ತಿದ್ದೆ. ಆದರೆ ಆ ಸೊನ್ನೆ ಚಿಕ್ಕತನಕ್ಕೆ ಬಂದದ್ದಲ್ಲ, ಚೌಕಾಸಿಗೆ ಬಂದದ್ದು. ಕಾನೂನು ಕೇಳಿದ ಮೇಲೆ, 2019ರಿಂದ ಚಾಲಕನಿಗೂ 2021ರ ಕೊನೆಯ ಹೊತ್ತಿಗೆ ಪಕ್ಕದವರಿಗೂ ಗಾಳಿಚೀಲ ಚಿಕ್ಕ ಕಾರುಗಳಲ್ಲಿಯೂ ಬಂದವಲ್ಲ! ಮೊದಲೇ ಕೇಳಿದ್ದರೆ ಮೊದಲೇ ಬರುತ್ತಿದ್ದವು.

ಉಳಿದದ್ದು ತೂಕದ ಮಾತು. ಏಳುನೂರು ಕಿಲೋ ಗಾಡಿಗೂ ಎರಡು ಸಾವಿರದ ನೂರು ಕಿಲೋ ಗಾಡಿಗೂ ಮುಖಾಮುಖಿಯಾದರೆ, ಹಗುರವಾದದ್ದು ಅನುಭವಿಸುವ ವೇಗದ ಬದಲಾವಣೆ ಭಾರದ್ದರ ಮೂರು ಪಟ್ಟು. ಇದು ನ್ಯೂಟನ್ನನ ನಿಯಮ. ಯಾವ ಸಂಘದ ಠರಾವಿಗೂ ತಿದ್ದಲು ಬಾರದು. ಎಂದಮೇಲೆ ಆ ಭಾರ ಕೊಂಡುಕೊಂಡದ್ದು ಬರಿಯ ಸುರಕ್ಷತೆಯಲ್ಲ. ತನ್ನ ಅಪಾಯವನ್ನು ಎದುರಿನವನ ಮಡಿಲಿಗೆ ದಾಟಿಸುವ ಹಕ್ಕು. ಎದುರಿನವನು ನಾನಾದರೆ ತಗಡಿನ ಒಂದು ಪದರವಾದರೂ ಇದೆ. ಸ್ಕೂಟರಿನವನಾದರೆ? ತರಕಾರಿ ಚೀಲ ಹಿಡಿದು ರಸ್ತೆ ದಾಟುವ ಮುದುಕಿಯಾದರೆ? ಅಮೆರಿಕದ ವಿಮಾ ಕಂಪೆನಿಗಳು ನಡೆಸುವ ರಸ್ತೆ ಸುರಕ್ಷತಾ ಸಂಸ್ಥೆ 2023ರಲ್ಲಿ ಹೇಳಿದ್ದು ಇದು: ಬಾನೆಟ್ಟು ನಲವತ್ತು ಅಂಗುಲಕ್ಕೂ ಎತ್ತರವಿರುವ ಗಾಡಿ ಪಾದಚಾರಿಗೆ ಗುದ್ದಿದರೆ, ತಗ್ಗಾಗಿ ಇಳಿಜಾರಾಗಿರುವ ಮೂಗಿನ ಕಾರಿಗಿಂತ ಸಾವಿನ ಸಂಭವ ಸುಮಾರು 45 ಪ್ರತಿಶತ ಹೆಚ್ಚು. ಯಾರ ಸುರಕ್ಷತೆ ಎಂದು ಕೇಳುವುದಕ್ಕೆ ಇಷ್ಟು ಸಾಕು.

“ರಸ್ತೆ ನೋಡಿದೀರಾ? ಈ ಗುಂಡಿಗಳಲ್ಲಿ ಎತ್ತರದ ಗಾಡಿ ಇಲ್ಲದೆ ಆಗುತ್ತಾ?” ಎಂಬುದು ಇನ್ನೊಂದು ವಾದ. ನೋಡದೆ ಏನು! ದಿನವೂ ಬೆನ್ನಿನಿಂದ ಓದುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆ ನೀರು ನುಗ್ಗಿದಾಗ ಸಾಫ್ಟ್‌ವೇರಿನವರು ಟ್ರ್ಯಾಕ್ಟರು ಹತ್ತಿ ಕಚೇರಿಗೆ ಹೋದದ್ದೂ ಗೊತ್ತು. ನನ್ನ ಸಿಟ್ಟು ಇರುವುದೇ ಇಲ್ಲಿ. ನಲ್ಲಿ ಬತ್ತಿದರೆ ಟ್ಯಾಂಕರು ತರಿಸಿದೆವು. ದೀಪ ಹೋದರೆ ಯು.ಪಿ.ಎಸ್. ಇಟ್ಟುಕೊಂಡೆವು, ರಸ್ತೆ ಹಾಳಾದರೆ ಕಾರನ್ನು ಒಂದು ಗೇಣು ಎತ್ತರಿಸಿಕೊಂಡೆವು. ಹೀಗೆ ಎತ್ತರಿಸಿಕೊಂಡವನಿಗೆ ಗುಂಡಿ ತಟ್ಟುವುದಿಲ್ಲ. ತಟ್ಟದವನು ದೂರು ಬರೆಯುವುದಿಲ್ಲ. ದೂರು ಬರೆದರೆ ಇಂಜಿನಿಯರು ಹೆದರುವಷ್ಟು ಪ್ರಭಾವವುಳ್ಳ ಮಂದಿಯೇ ಗುಂಡಿಯ ಮೇಲೆ ತೇಲಿಕೊಂಡು ಹೋದ ಮೇಲೆ, ಬಿದ್ದು ಮೊಣಕಾಲು ಮುರಿದುಕೊಳ್ಳುವ ಸ್ಕೂಟರಿನವನ ಅರ್ಜಿಗೆ ಯಾರು ಸೊಪ್ಪು ಹಾಕುತ್ತಾರೆ?

ಬಸ್ಸಿನಲ್ಲಿ ಹೋಗಬಾರದೆ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರ ಕಡಮೆ. ಹೋಗಬಹುದು, ವಾರಕ್ಕೆ ಒಂದೆರಡು ದಿನ ಹೋಗುತ್ತೇನೆ. ಬನ್ನೇರುಘಟ್ಟ ರಸ್ತೆಯಲ್ಲಿ ಎರಡು ಬಸ್ಸು ಬದಲಿಸಿ, ನಿಂತುಕೊಂಡೇ ಜಿಗಣಿ ಸೇರುವ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು ಬಿದ್ದಿರುತ್ತದೆ. ಬಸ್ಸಿನಲ್ಲಿ ಅರುವತ್ತು ಜನ ಹೋಗುವ ಜಾಗ ನನ್ನಂಥ ನಾಲ್ಕೈದು ಕಾರು ನುಂಗುತ್ತದೆಂಬುದು ನಿಜ. ಅವರ ಮುಂದೆ ನಾನೂ ತಪ್ಪಿತಸ್ಥನೇ. ಆದರೆ ಆ ಮಾತನ್ನು ಎರಡು ಟನ್ನಿನ ಗಾಡಿಯಲ್ಲಿ ಒಬ್ಬರೇ ಕೂತು, ಗಾಜು ಇಳಿಸಿ ಹೇಳಬಾರದು.

ಸಂಘಕ್ಕೆ ನಾನು ಲಿಖಿತ ತಕರಾರು ಕೊಟ್ಟಿದ್ದೇನೆ. ಟೇಪು ಹಿಡಿದು ಹನ್ನೆರಡೂ ಕಾರುಗಳ ಅಗಲ ಅಳೆದು ಪಟ್ಟಿ ಲಗತ್ತಿಸಿದ್ದೇನೆ. ಅಂಕಣದ ಅಗಲ ಬೇಕಾದವರು ಅಗಲಕ್ಕೆ ತಕ್ಕಂತೆ ತಿಂಗಳ ವಂತಿಗೆ ಕೊಡಲಿ. ನಾನೂ ಉಪಾಧ್ಯಾಯಿನಿಯವರೂ ಎರಡು ಮೀಟರು ಹತ್ತು ಸೆಂಟಿಮೀಟರಿಗೆ ಒಪ್ಪುತ್ತೇವೆ. ಆಗ ಉಳಿದ ಹತ್ತು ಮಂದಿಗೆ ತಲಾ ಎರಡು ಮೀಟರು ಐವತ್ತೆಂಟು ಸೆಂಟಿಮೀಟರು ಬರುತ್ತದೆ ಎಂದು ಲೆಕ್ಕವನ್ನೂ ಹಾಕಿ ತೋರಿಸಿದ್ದೇನೆ. ಉಪಾಧ್ಯಾಯಿನಿಯವರು ಕೆಳಗೆ ರುಜು ಹಾಕಿ, ನನ್ನ ಅಕ್ಷರದಲ್ಲಿದ್ದ ಎರಡು ಒತ್ತಕ್ಷರದ ತಪ್ಪನ್ನು ತಿದ್ದಿಕೊಟ್ಟರು. ಬರುವ ಭಾನುವಾರ ಸಭೆ. ಬಿಳಿ ಬಣ್ಣದ ಡಬ್ಬಗಳು ಆಗಲೇ ಬಂದು ಕಾವಲಿನವನ ಕೋಣೆಯಲ್ಲಿ ಕೂತಿವೆ.