ಕಾನೂನಿನ ಪಾಠಕ್ಕೆ ಆಟದ ಅಂಗಳ

ನೈರೋಬಿಯ ಜನರ ಬಾಯಲ್ಲಿ ‘ಕಮಾಟಾ ಕಮಾಟಾ ಫ್ರೈಡೇ’ ಎಂಬ ಮಾತು ಆಗಾಗ ಕೇಳಿಸುತ್ತದೆ. ಶುಕ್ರವಾರ ಪೊಲೀಸರು ಹಿಡಿದೊಯ್ದರೆ ಸೋಮವಾರದವರೆಗೆ ಲಾಕಪ್ಪೇ ಗತಿ ಎಂಬುದು ಅದರ ಇಂಗಿತ. ಕೆನ್ಯಾದ 2010ರ ಸಂವಿಧಾನದ 49ನೇ ವಿಧಿಯ ಪ್ರಕಾರ, ಬಂಧಿತರನ್ನು 24 ಗಂಟೆಯೊಳಗೆ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ಆದರೆ ಆ ಅವಧಿ ಕೋರ್ಟಿನ ಕೆಲಸದ ವೇಳೆಯ ಆಚೆಗೆ ಮುಗಿದರೆ, ಮುಂದಿನ ಕೋರ್ಟ್ ದಿನದ ಕೊನೆಯವರೆಗೂ ಪೊಲೀಸರಿಗೆ ಅವಕಾಶವಿದೆ. ಒಂದೇ ಸಾಲಿನ ಈ ವಿನಾಯಿತಿ ದಿನಗೂಲಿಯವರ ಪಾಲಿಗೆ ಎರಡು–ಮೂರು ದಿನಗಳ ಅನ್ನದ ಪ್ರಶ್ನೆ.

ಹಕ್ಕು ಇದೆ ಎಂದು ಗೊತ್ತಿರುವುದು ಬೇರೆ, ಠಾಣೆಯ ಮೇಜಿನ ಮುಂದೆ ನಿಂತಾಗ ಅದನ್ನು ಕೇಳಲು ಬಾಯಿ ಬರುವುದು ಬೇರೆ. 2024ರ ಜೂನ್‌ನಲ್ಲಿ ಹಣಕಾಸು ಮಸೂದೆಯ ವಿರುದ್ಧ ಬೀದಿಗಿಳಿದ ಕೆನ್ಯಾದ ಯುವಜನರು ಮಸೂದೆಯ ಅಂಶಗಳನ್ನು ಟಿಕ್‌ಟಾಕ್‌ನಲ್ಲಿ ಸ್ಥಳೀಯ ಭಾಷೆಗಳಲ್ಲಿ ವಿವರಿಸಿದರು. ಬಂಧನವಾದರೆ ನೆರವಿಗೆ ಬರುವ ವಕೀಲರ ಫೋನ್ ನಂಬರ್‌ಗಳನ್ನು ಹಂಚಿಕೊಂಡರು. ಕಾನೂನು ತಿಳಿಯುವ ಹಸಿವು ಜನರಲ್ಲಿದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಆದರೆ ವಿಡಿಯೊ ನೋಡುವವರು ಬರೀ ಪ್ರೇಕ್ಷಕರು. ಆಟದಲ್ಲಿ ಮುಂದಿನ ನಡೆ ಆಡುವವರದು, ತಪ್ಪಿದರೆ ನಷ್ಟವೂ ಅವರದೇ.

ಆಟದ ಮೂಲಕ ಅರಿವು ಮೂಡಿಸುವ ಪ್ರಯತ್ನ ಕೆನ್ಯಾಕ್ಕೆ ಹೊಸದಲ್ಲ. 2007ರ ಡಿಸೆಂಬರ್ ಚುನಾವಣೆಯ ಬೆನ್ನಿಗೆ ನಡೆದ ಹಿಂಸಾಚಾರ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. 2013ರ ಚುನಾವಣೆಯ ಹೊತ್ತಿಗೆ ಆಫ್ರೋಸ್ ಸಂಸ್ಥೆಯು ಶಾಂತಿಯ ಆಶಯದ ‘ಹಾಕಿ 2: ಚಾಗುವೊ ನಿ ಲಾಕೊ’ (ನ್ಯಾಯ: ಆಯ್ಕೆ ನಿನ್ನದು) ಎಂಬ ಮೊಬೈಲ್ ಆಟವನ್ನು ತಂದಿತು. ಕೆನ್ಯಾ ಮೂಲದ ಆ್ಯನ್ ಗಿಥುಕು ಶೋಂಗ್ವೆ ಕಟ್ಟಿದ ಇದೇ ಸಂಸ್ಥೆ, ದಕ್ಷಿಣ ಆಫ್ರಿಕಾದಲ್ಲಿ ಯುಎನ್ ವಿಮೆನ್ ಜೊತೆಗೂಡಿ ಮಹಿಳೆಯರ ಮೇಲಿನ ದೌರ್ಜನ್ಯ ಕುರಿತ ‘ಮೊರಾಬಾ’ ಆಟವನ್ನು ರೂಪಿಸಿತು. ನಮ್ಮ ಸಾಲುಮನೆ ಆಟವನ್ನು ಹೋಲುವ, ಅಲ್ಲಿನ ಜನ ತಲೆಮಾರುಗಳಿಂದ ಆಡುತ್ತ ಬಂದ ಮೊರಾಬರಾಬಾವೇ ಅದಕ್ಕೆ ಆಧಾರ.

ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ 2009ರಲ್ಲಿ ಆರಂಭಿಸಿದ ‘ಐಸಿವಿಕ್ಸ್’ ಇನ್ನೊಂದು ಮಾದರಿ. ಅದರ ‘ಡು ಐ ಹ್ಯಾವ್ ಎ ರೈಟ್?’ ಆಟದಲ್ಲಿ ಆಡುವವರು ವಕೀಲರ ಕಚೇರಿ ನಡೆಸುತ್ತಾರೆ. ಬಂದವರ ದೂರು ಸಂವಿಧಾನದ ಯಾವ ಹಕ್ಕಿಗೆ ಸಂಬಂಧಿಸಿದ್ದು, ಯಾವ ವಕೀಲರಿಗೆ ಒಪ್ಪಿಸಬೇಕು ಎಂದು ನಿರ್ಧರಿಸಬೇಕು. ಹುರುಳಿಲ್ಲದ ದೂರುಗಳೂ ಬರುತ್ತವೆ. ವಿಧಿಯ ಸಂಖ್ಯೆಯನ್ನು ಉರು ಹೊಡೆಸುವ ಕ್ವಿಜ್‌ಗಿಂತ ಇದು ಎಷ್ಟೋ ಮೇಲು.

ಇದೇ ಜಾಡಿನಲ್ಲಿ ನೈರೋಬಿಗೊಂದು ಆಟ ಕಟ್ಟುವುದಾದರೆ ಹೇಗಿರಬೇಕು? ಶುಕ್ರವಾರ ಸಂಜೆ ಐದು ಗಂಟೆ. ‘ಬೋಡಾಬೋಡಾ’ ಎಂಬ ಬೈಕ್ ಟ್ಯಾಕ್ಸಿಯ ಸವಾರನೊಬ್ಬ ಠಾಣೆಯಲ್ಲಿದ್ದಾನೆ. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿದೆ. ಬಂಧನದ ಕಾರಣ ಕೇಳಬೇಕೇ, ವಕೀಲರಿಗೆ ಫೋನ್ ಮಾಡಬೇಕೇ, ಠಾಣೆಯ ದಾಖಲೆ ಪುಸ್ತಕದ ‘ಓಬಿ ನಂಬರ್’ ಪಡೆಯಬೇಕೇ? ದಂಡವಷ್ಟೇ ಅಥವಾ ಗರಿಷ್ಠ ಆರು ತಿಂಗಳ ಸೆರೆ ವಿಧಿಸಬಹುದಾದ ಅಪರಾಧಕ್ಕೆ ಕಸ್ಟಡಿಗೆ ಒಪ್ಪಿಸುವಂತಿಲ್ಲ ಎಂದು ಅದೇ 49ನೇ ವಿಧಿ ಹೇಳುತ್ತದೆ. ಇದು ನೆನಪಾದರೆ ಆಟದ ದಿಕ್ಕೇ ಬದಲಾಗುತ್ತದೆ.

ಇಲ್ಲಿ ಪ್ರಾಮಾಣಿಕತೆ ಮುಖ್ಯ. ಸರಿಯಾದ ನಡೆಗೆ ಪ್ರತಿ ಸಲವೂ ಗೆಲುವು ಕೊಡುವ ಆಟ ಜನರನ್ನು ದಾರಿ ತಪ್ಪಿಸುತ್ತದೆ. ಹಕ್ಕು ಕೇಳಿದರೂ ಅಧಿಕಾರಿ ಕಿವಿಗೊಡದ ಪ್ರಸಂಗಗಳು ಅದರಲ್ಲಿರಬೇಕು. ಪೊಲೀಸರ ಮೇಲೆ ನಿಗಾ ಇಡುವ ಸ್ವತಂತ್ರ ಪ್ರಾಧಿಕಾರಕ್ಕೆ ದೂರು ಕೊಡುವುದು ಹೇಗೆ ಎಂಬುದು ಮುಂದಿನ ಹಂತವಾಗಬೇಕು. ಬಂಧನದಾಚೆಯ ಕಾನೂನಿಗೂ ಜಾಗ ಬೇಕು. ನೈರೋಬಿಯ ಮಿಲಿಮಾನಿಯಲ್ಲಿ 2021ರಲ್ಲಿ ಆರಂಭವಾದ ಸಣ್ಣ ವ್ಯಾಜ್ಯಗಳ ನ್ಯಾಯಾಲಯ 10 ಲಕ್ಷ ಶಿಲ್ಲಿಂಗ್‌ವರೆಗಿನ ತಕರಾರನ್ನು 60 ದಿನಗಳಲ್ಲಿ ಇತ್ಯರ್ಥಪಡಿಸಬೇಕು, ವಕೀಲರಿಲ್ಲದೆಯೂ ವಾದಿಸಬಹುದು. ಬಾಕಿ ವಸೂಲಾಗದೆ ಕಂಗಾಲಾದ ತರಕಾರಿ ಮಾರುವ ‘ಮಾಮಾ ಮ್ಬೋಗಾ’ ಈ ಆಟದ ನಾಯಕಿಯಾಗಬಲ್ಲಳು.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಮಣೆಯ ಆಟವೇ ಸೈ. ನಮ್ಮ ಅಳಗುಳಿಮಣೆಯಂಥದ್ದೇ ‘ಅಜುವಾ’ ಕೆನ್ಯಾದ ಲುವೊ ಸಮುದಾಯದಲ್ಲಿದೆ. ಪ್ರಸಂಗಗಳನ್ನು ಬಿಡಿ ಕಾರ್ಡುಗಳಲ್ಲಿ ಮುದ್ರಿಸಿದರೆ ಇನ್ನೊಂದು ಅನುಕೂಲ: ಕಾನೂನು ಬದಲಾದಾಗ ಆ ಕಾರ್ಡನ್ನಷ್ಟೇ ಬದಲಿಸಿದರಾಯಿತು. 2017ರ ಡಿಸೆಂಬರ್‌ನಲ್ಲಿ ಕೆನ್ಯಾದ ಸುಪ್ರೀಂ ಕೋರ್ಟ್, ಕೊಲೆಗೆ ಮರಣದಂಡನೆ ಕಡ್ಡಾಯವೆಂಬ ನಿಯಮ ಅಸಾಂವಿಧಾನಿಕ ಎಂದಿತು. ಅಂಥ ತೀರ್ಪನ್ನು ಒಳಗೊಳ್ಳದ ಆಟ ಹಳೆಯ ಕಾನೂನನ್ನೇ ಕಲಿಸುತ್ತಿರುತ್ತದೆ.

ಕಾನೂನು ಕಲಿಸುವ ಇಂಥ ಆಟವನ್ನು ಕರ್ನಾಟಕವೂ ಗಮನಿಸಬೇಕು. 2024ರ ಸೆಪ್ಟೆಂಬರ್ 15ರಂದು ಬೀದರ್‌ನಿಂದ ಚಾಮರಾಜನಗರದವರೆಗೆ 2,500 ಕಿ.ಮೀ. ಮಾನವ ಸರಪಳಿ ರಚಿಸಿ ಸಂವಿಧಾನದ ಪೀಠಿಕೆ ಓದಿದ ರಾಜ್ಯವಿದು. ಆದರೆ ನಮ್ಮ ಸಂವಿಧಾನದ 22ನೇ ವಿಧಿಯೂ 24 ಗಂಟೆಯ ಗಡುವು ವಿಧಿಸುತ್ತದೆ, ಪ್ರಯಾಣದ ಅವಧಿಯೊಂದನ್ನೇ ಹೊರಗಿಡುತ್ತದೆ, ಭಾನುವಾರಕ್ಕೆ ವಿನಾಯಿತಿ ಕೊಡುವುದಿಲ್ಲ ಎಂಬುದು ಪೀಠಿಕೆ ಓದಿದ ಎಷ್ಟು ಜನರಿಗೆ ಗೊತ್ತು? ಉಚಿತ ಕಾನೂನು ನೆರವಿನ 15100 ಸಹಾಯವಾಣಿ ಎಷ್ಟು ಮಂದಿಯ ಫೋನಿನಲ್ಲಿದೆ?

ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವು ವಕೀಲರು, ಆಟ ವಿನ್ಯಾಸಕಾರರು ಮತ್ತು ಠಾಣೆ–ಕೋರ್ಟು ಅಲೆದು ಬಂದವರನ್ನು ಒಂದೆಡೆ ಕೂರಿಸಿ ಇಂಥದ್ದೊಂದು ಆಟ ಸಿದ್ಧಪಡಿಸಬಹುದು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಅದನ್ನು ಇಡಬಹುದು. ಆಡಿದವರನ್ನು ತಿಂಗಳ ನಂತರ ಮತ್ತೆ ಮಾತನಾಡಿಸಿ, ಬಂಧನವಾದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಬೇಕು. ತಡವರಿಸುವವರು ಹೆಚ್ಚಿದ್ದರೆ, ರಾಜ್ಯದಾದ್ಯಂತ ಹಂಚುವ ಮೊದಲೇ ಆಟವನ್ನು ತಿದ್ದಬೇಕು.